ಪರರ ಟ್ರೈಲರನ್ನು ಮೂವತ್ತೆಂಟು ಕಿಲೋಮೀಟರ್ ಎಳೆದ ಬಗ್ಗೆ

ನಾನು, ವಯಸ್ಸು 62 ವರ್ಷ, ಗೋದಾಮಿನ ಅಂಗಳದ ವೇಬ್ರಿಡ್ಜ್‌ನಲ್ಲಿ ಲಾರಿ ತೂಗುವ ಆಪರೇಟರ್ ಆಗಿ 35 ವರ್ಷ ದುಡಿದು ಈಗ ನಿವೃತ್ತ, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಬೀಗದ ಅಂಗಡಿಯ ಮೇಲಿನ ಮಹಡಿ. ಲಾರಿಯವರೂ ಬೀದಿಯವರೂ ನನ್ನನ್ನು ತೂಕದ ಮೇಷ್ಟ್ರು ಎಂದು ಕರೆಯುತ್ತಾರೆ. ನಾನು ಎಲ್ಲಿಯೂ ಪಾಠ ಮಾಡಿದವನಲ್ಲ. ಈ ದಿನ 14ನೇ ತಾರೀಖು ಮಧ್ಯಾಹ್ನ 2.15ಕ್ಕೆ ಠಾಣೆಯ ಮುಂಭಾಗದ ಕೊಠಡಿಯಲ್ಲಿ ಅಧಿಕಾರಿ ಮೇಡಂ ಅವರೆದುರು, ಯಾರ ಒತ್ತಾಯವೂ ಇಲ್ಲದೆ, ನೀರು ಕುಡಿದು ಸುಧಾರಿಸಿಕೊಂಡು ಹೇಳಿ ಬರೆಸುವುದೇನೆಂದರೆ:

ನಾನು ಮತ್ತು ನನ್ನ ಪತ್ನಿ (ವಯಸ್ಸು 58, ಹೊಲಿಗೆ ಕೆಲಸ) ನನ್ನ ನಿವೃತ್ತಿಯ ನಂತರ 90 ದಿನ ಊರೂರು ಸುತ್ತುವುದೆಂದು ನಿರ್ಧರಿಸಿದ್ದೆವು. ಅದಕ್ಕಾಗಿ ಕಾರಿನ ಹಿಂದೆ ಎಳೆದೊಯ್ಯುವ, ಒಳಗೆ ಮಲಗಲು ಬೇಯಿಸಲು ಜಾಗವಿರುವ ಟ್ರೈಲರೊಂದನ್ನು ಲಾರಿಗಳ ಬಾಡಿ ಕಟ್ಟುವ ಮೇಸ್ತ್ರಿಯಿಂದ ಮಾಡಿಸಿಕೊಂಡೆವು. ಸದರಿ ಮೇಸ್ತ್ರಿ ಒಂದೇ ಸಲಕ್ಕೆ ನಾಲ್ಕು ಟ್ರೈಲರ್ ಕಟ್ಟಿದ್ದರು. ನಾಲ್ಕಕ್ಕೂ ಒಂದೇ ಅಳತೆ, ಒಂದೇ ಬಿಳಿ ಬಣ್ಣ, ಸೊಂಟದೆತ್ತರದಲ್ಲಿ ಒಂದೇ ನೀಲಿ ಪಟ್ಟಿ. ಬೇರೆ ಬಣ್ಣ ಬಳಿಯಬಾರದೇ ಎಂದು ಅಂದೇ ಕೇಳಿದ್ದಕ್ಕೆ ಅವರು, ಬಿಳಿ ಬಣ್ಣದ ಡಬ್ಬಿ ದೊಡ್ಡದು ತಂದುಬಿಟ್ಟಿದ್ದೇನೆ, ಅವಳಿ ಮಕ್ಕಳಿಗೆ ಒಂದೇ ಅಂಗಿ ಹಾಕಿದ ಹಾಗೆ ಚಂದ ಕಾಣುತ್ತೆ ಬಿಡಿ ಎಂದರು.

ನನ್ನ ಕಾರು ಎಳೆಯಬಹುದಾದ ಭಾರದ ಮಿತಿ 750 ಕೆಜಿ ಎಂದು ಕಾರಿನ ಪುಸ್ತಕದ 212ನೇ ಪುಟದಲ್ಲಿದೆ. ಖಾಲಿ ಟ್ರೈಲರಿನ ತೂಕ 498 ಕೆಜಿ. ಉಳಿದ 252 ಕೆಜಿಯಲ್ಲಿ ನಮ್ಮ ಮೂರು ತಿಂಗಳ ಸಂಸಾರ ಹಿಡಿಯಬೇಕಾಗಿತ್ತು. ಆದ್ದರಿಂದ ನಾನು 19 ದಿನ ಕುಳಿತು ಪ್ರತಿಯೊಂದು ವಸ್ತುವನ್ನೂ ತೂಗುಕೊಕ್ಕೆಗೆ ಸಿಕ್ಕಿಸಿ ತೂಗಿ, ತೂಕ ಬರೆದ ಚೀಟಿ ಅಂಟಿಸಿದೆನು. ಬ್ಯಾಟರಿ 24.5, ಬಿಸಿಲಿನಿಂದ ಕರೆಂಟ್ ಮಾಡುವ ಫಲಕ 11.2, ನನ್ನ ಸಲಕರಣೆ ಪೆಟ್ಟಿಗೆ 31, ದಿನಸಿ 46, ಚಹಾ ಸೋಸುವ ಜಾಲರಿ 40 ಗ್ರಾಂ. ಈ ಅವಧಿಯಲ್ಲಿ ನನ್ನ ಪತ್ನಿ ಅಕ್ಕಪಕ್ಕದವರ ಬಳಿ, ನಮ್ಮ ಮನೇಲಿ ಉಪ್ಪಿನ ಡಬ್ಬಿಗೂ ಗುರುತಿನ ಚೀಟಿ ಮಾಡ್ಸಿದ್ದಾರೆ ಎಂದು ಹೇಳಿಕೊಂಡು ನಗುತ್ತಿದ್ದಳು. ಆಗ ಆಕೆ ನಗುತ್ತಿದ್ದಳು ಎಂಬುದನ್ನು ಗಮನಕ್ಕೆ ತರುತ್ತೇನೆ.

ದಿನಾಂಕ 10ರಂದು ಒಟ್ಟು ಕೂಡಿದಾಗ 755.4 ಕೆಜಿ ಬಂದಿತು. ಮಿತಿಗಿಂತ 5.4 ಕೆಜಿ ಹೆಚ್ಚು. ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ನಾಲ್ಕು ಸಲ ಓದಿದೆನು. ಅಂದು ಸಂಜೆ 4 ಗಂಟೆಗೆ ಪತ್ನಿ ಮುಂದಿನ ಬೀದಿಯಲ್ಲಿರುವ ತನ್ನ ಅಕ್ಕನಿಗೆ ಹೋಗಿಬರುತ್ತೇನೆಂದು ಹೇಳಲು ಹೋಗಿದ್ದಾಗ, ಟ್ರೈಲರಿನೊಳಗಿನ ಬೆಂಚಿನ ಕೆಳಗಿದ್ದ ಆಕೆಯ ಹೊಲಿಗೆ ಯಂತ್ರವನ್ನು (13.4 ಕೆಜಿ) ಹೊರತೆಗೆದು, ಮೇಸ್ತ್ರಿಯ ಶೆಡ್ಡಿನಲ್ಲಿ ಇಟ್ಟು ಬಂದೆನು. ಒಟ್ಟು 742.0 ಕೆಜಿ ಆಯಿತು. ಪತ್ನಿ 5.25ಕ್ಕೆ ಮರಳಿದಳು. ಮರುದಿನ ಬೆಳಗ್ಗೆ 6ಕ್ಕೆ ಹೊರಟೆವು. ನಡುವೆ 12 ಗಂಟೆ 35 ನಿಮಿಷ ಇದ್ದಾಗ್ಯೂ ಯಾಕೆ ಹೇಳಲಿಲ್ಲ ಎಂದು ಮೇಡಂ ಕೇಳಿದ್ದಕ್ಕೆ, ಧೈರ್ಯ ಬರಲಿಲ್ಲ ಎಂದು ತಿಳಿಸಿರುತ್ತೇನೆ.

ದಿನಾಂಕ 11ರಂದು 96 ಕಿ.ಮೀ. ಸಾಗಿ ಮೊದಲ ತಂಗುದಾಣದಲ್ಲಿ ನಿಂತೆವು. ಸಂಜೆ 6.10ಕ್ಕೆ ಪತ್ನಿ ಬೆಂಚಿನ ಹಲಗೆ ಎತ್ತಿ ನೋಡಿ, ಮೆಷಿನ್ ಎಲ್ಲಿ ಎಂದು ಕೇಳಿದಳು. ನಾನು ನಿಜ ಹೇಳಿದೆನು. ಆಕೆ ಹಲಗೆಯನ್ನು ಹಾಗೇ ಹಿಡಿದುಕೊಂಡು, “ಮೂವತ್ತೈದು ವರ್ಷ ಲಾರಿ ತೂಗಿದ್ದು ಸಾಲದು ಅಂತ ಈಗ ನನ್ನನ್ನೂ ತೂಗೋಕೆ ನಿಂತ್ರಾ?” ಎಂದಳು. ಆಕೆ ಕೂರುವುದು ಕಾರಿನಲ್ಲಿ, ಆದ್ದರಿಂದ ಆಕೆಯ ತೂಕ ಟ್ರೈಲರಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ಉತ್ತರಿಸಿದೆನು. ಅದು ಹೇಳಬೇಕಾದ ಉತ್ತರವಾಗಿರಲಿಲ್ಲ ಎಂದು ಈಗ ತಿಳಿದಿದೆ.

ಅಲ್ಲಿಂದ ಆಕೆ ಮಾತು ಬಿಟ್ಟಳು. ನಾನೂ ಬಿಟ್ಟೆನು. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು, ಉಪ್ಪು ಹುಳಿ ಸರಿಯಾಗಿಯೇ ಇರುತ್ತಿತ್ತು. ತಟ್ಟೆಯನ್ನು ಇಡುವ ಸದ್ದು ಮಾತ್ರ ಬೇರೆಯಾಗಿತ್ತು. ನಾನು ಟ್ರೈಲರನ್ನು ಹಿಮ್ಮುಖ ಓಡಿಸುವಾಗ ಪತ್ನಿ ಹಿಂದೆ ನಿಂತು ಬನ್ನಿ, ಬನ್ನಿ, ಎಡಕ್ಕೆ, ಸಾಕು ಎಂದು ಹೇಳುವುದು ವಾಡಿಕೆ. 12 ಮತ್ತು 13ರಂದು ಆಕೆ ಹಿಂದೆ ನಿಂತಿದ್ದಳು, ಆದರೆ ಕೈ ಕಟ್ಟಿಕೊಂಡು ನಿಂತಿದ್ದಳು. 12ರಂದು ನಾನು ಕಸದ ತೊಟ್ಟಿಯೊಂದಕ್ಕೆ ಗುದ್ದಿದೆನು. ಆಗಲೂ ಆಕೆ ತುಟಿ ಬಿಚ್ಚಲಿಲ್ಲ.

ದಿನಾಂಕ 13ರಂದು ಸಂಜೆ 4.40ಕ್ಕೆ ಕೆರೆಯ ಪಕ್ಕದ ತಂಗುದಾಣ ತಲುಪಿ, 9ನೇ ಗುರುತಿನ ಜಾಗದಲ್ಲಿ ಟ್ರೈಲರ್ ನಿಲ್ಲಿಸಿದೆವು. 5.30ಕ್ಕೆ ಪಕ್ಕದ 10ನೇ ಜಾಗಕ್ಕೆ ಇನ್ನೊಂದು ದಂಪತಿ ಬಂದರು. ಗಂಡ ಔಷಧಿ ಅಂಗಡಿಯವರು, ಹೆಂಡತಿ ಕಾರು ಓಡಿಸಲು ಕಲಿಸುವ ಶಾಲೆಯ ಶಿಕ್ಷಕಿ. (ಈ ವಿವರ ನನಗೆ ಇಂದು ತಿಳಿದದ್ದು; ನಿನ್ನೆ ಅವರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.) ಅವರದೂ ನಮ್ಮ ಮೇಸ್ತ್ರಿ ಕಟ್ಟಿದ ಬಿಳಿ ಟ್ರೈಲರ್, ಬೆಸುಗೆ ನೋಡಿಯೇ ನಾನು ಗುರುತಿಸಿದೆನು. ಔಷಧಿಯವರು ಅದನ್ನು ಜಾಗಕ್ಕೆ ಸೇರಿಸಲು 40 ನಿಮಿಷ ಹಿಂದೆ ಮುಂದೆ ಮಾಡಿದರು. ಶಿಕ್ಷಕಿ ಪಕ್ಕದಲ್ಲಿ ನಡೆಯುತ್ತ ಹೇಳಿಕೊಡುತ್ತಿದ್ದರು. ಕೊನೆಗೆ ಆಯಮ್ಮ, ನಿಮ್ಮ ಕೈಗೆ ಸ್ಟೇರಿಂಗ್ ಕೊಡೋದೂ ಒಂದೇ ಮಗು ಕೈಗೆ ಕತ್ತರಿ ಕೊಡೋದೂ ಒಂದೇ ಎಂದದ್ದು ನಮ್ಮ ಟ್ರೈಲರಿನೊಳಗೂ ಕೇಳಿಸಿತು. ನನಗೆ ನಗು ಬಂದಿತು. ಪತ್ನಿಯ ಕಡೆ ನೋಡಿದೆನು. ಆಕೆಗೂ ನಗು ಬಂದಿತ್ತೆಂದು ಕಾಣುತ್ತದೆ, ಏಕೆಂದರೆ ಆಕೆ ಗೋಡೆಯ ಕಡೆ ತಿರುಗಿಕೊಂಡಳು.

ಇಂದು 14ರಂದು ಬೆಳಗ್ಗೆ 6.10ಕ್ಕೆ ನಾನು ಟ್ರೈಲರ್ ಅಲುಗದಂತೆ ನೆಲಕ್ಕೆ ಊರಿದ್ದ ನಾಲ್ಕು ನಿಲುಗಾಲುಗಳನ್ನು ಎತ್ತಿಟ್ಟೆನು. 6.20ಕ್ಕೆ ಪೆಟ್ರೋಲ್ ಹಾಕಿಸಿ ಚಕ್ರಗಳಿಗೆ ಗಾಳಿ ತುಂಬಿಸಲು ಕಾರು ಮಾತ್ರ ತೆಗೆದುಕೊಂಡು 3 ಕಿ.ಮೀ. ದೂರದ ಬಂಕಿಗೆ ಹೊರಟೆನು. ಅಲ್ಲಿ ಹಾಲಿನ ಅಂಗಡಿಯೂ ಇದ್ದುದರಿಂದ ಪತ್ನಿ ಬಂದು ಮಾತಿಲ್ಲದೆ ಕಾರಿನಲ್ಲಿ ಕುಳಿತಳು.

ನಾವು ಇಲ್ಲದ ವೇಳೆ ನಡೆದದ್ದನ್ನು ತಂಗುದಾಣದ ಉಸ್ತುವಾರಿಯವರು ತಮ್ಮ ಹೇಳಿಕೆಯಲ್ಲಿ ಬರೆಸಿದ್ದಾರೆ. ಸಂಕ್ಷೇಪವಾಗಿ: 6.30ಕ್ಕೆ ನೀರಿನ ಟ್ಯಾಂಕರ್ ಬಂದು ತಿರುವಿನಲ್ಲಿ ಸಿಕ್ಕಿಕೊಂಡಿತು. ಅದಕ್ಕೆ ದಾರಿ ಮಾಡಲು ಉಸ್ತುವಾರಿಯವರು ಮತ್ತು ಇತರ ಮೂವರು ಸೇರಿ ಎರಡೂ ಟ್ರೈಲರುಗಳನ್ನು ಕೈಯಿಂದ ತಳ್ಳಿ ಆಚೆ ನಿಲ್ಲಿಸಿದರು. ಟ್ಯಾಂಕರ್ ಹೋದ ಮೇಲೆ ವಾಪಸ್ ತಳ್ಳಿದರು. ತಳ್ಳುವಾಗ ಅದಲು ಬದಲಾಯಿತು. ಒಂದು ಯಾಕೋ ಸಿಕ್ಕಾಪಟ್ಟೆ ಭಾರ ಇತ್ತು, ಮೂಳೆ ಮುರಿದುಹೋಯ್ತು ಎಂದು ಉಸ್ತುವಾರಿಯವರು ಹೇಳಿರುತ್ತಾರೆ. ಭಾರವಿದ್ದದ್ದು ಯಾಕೆಂದರೆ ಒಳಗೆ ಔಷಧಿಯವರಿದ್ದರು. ಬೆಳಗ್ಗೆಯೂ ಅದೇ ಹಿಮ್ಮುಖ ಓಡಿಸುವ ವಿಷಯಕ್ಕೆ ಜಗಳವಾಗಿ, ಶಿಕ್ಷಕಿ 6.15ಕ್ಕೆ ಕೆರೆ ಸುತ್ತಲು ಹೋಗಿದ್ದರು. ಇವರು ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಪರದೆ ಎಳೆದು, ಮುನಿಸಿಕೊಂಡು ಕುಳಿತಿದ್ದರು. ಟ್ರೈಲರ್ ಅಲ್ಲಾಡಿದಾಗ, ಹೆಂಡತಿಯೇ ಕಾರಿಗೆ ಸಿಕ್ಕಿಸುತ್ತಿದ್ದಾಳೆ ಎಂದುಕೊಂಡು ಸುಮ್ಮನಿದ್ದರು.

6.56ಕ್ಕೆ ನಾವು ಮರಳಿದೆವು. ನಾನು 9ನೇ ಜಾಗದಲ್ಲಿದ್ದ ಬಿಳಿ ಟ್ರೈಲರಿನ ಮುಂದೆ ಕಾರನ್ನು ಹಿಮ್ಮುಖವಾಗಿ ತಂದೆನು. ಹೊರಡುವ ಮುನ್ನ ನೋಡಬೇಕಾದ 17 ಅಂಶಗಳ ಪಟ್ಟಿ ನನ್ನ ಬಳಿ ಇದೆ. ಟ್ರೈಲರಿನ ಕೊಂಡಿ ಕಾರಿನ ಹಿಂದಿನ ಗುಂಡಿನ ಮೇಲೆ ಕೂತಿದೆಯೇ, ಬೀಗ ಬಿದ್ದಿದೆಯೇ, ಸರಪಳಿ ಅಡ್ಡಡ್ಡ ಹಾಕಿದೆಯೇ, ಲೈಟಿನ ಪ್ಲಗ್ ಸಿಕ್ಕಿಸಿದೆಯೇ, ನಿಲುಗಾಲು ಮೇಲಿವೆಯೇ ಎಂದು ಒಂದೊಂದಾಗಿ ನೋಡಿ ಗುರುತು ಹಾಕಿದೆನು. ನಂಬರ್ ಬರೆದ ದೀಪದ ಹಲಗೆ ನನ್ನ ಕಾರಿನ ಡಿಕ್ಕಿಯಲ್ಲೇ ಇರುವಂಥದ್ದು; ಅದನ್ನು ತೆಗೆದು ಟ್ರೈಲರಿನ ಹಿಂದೆ ತಗುಲಿಹಾಕಿದೆನು. 17ಕ್ಕೆ 17 ಸರಿ ಇದ್ದವು. ಈ ಟ್ರೈಲರ್ ನಮ್ಮದೇ ಹೌದೇ ಎಂಬ ಅಂಶ ಪಟ್ಟಿಯಲ್ಲಿ ಇರಲಿಲ್ಲ.

ಟ್ರೈಲರಿನ ಒಳಗೆ ನೋಡಿ ಬಾಗಿಲು ಹಾಕುವುದು ಪತ್ನಿಯ ಕೆಲಸ. ಇಂದು ಆಕೆ ಕಾರಿನಿಂದ ಇಳಿಯಲಿಲ್ಲ. ನಾನು ನೋಡು ಎಂದು ಹೇಳಬೇಕಾಗಿತ್ತು, ಹೇಳಿದ್ದರೆ ಮೊದಲು ಮಾತಾಡಿದವನು ನಾನಾಗುತ್ತಿದ್ದೆನು. 7.04ಕ್ಕೆ ಹೊರಟೆವು.

6ನೇ ಕಿ.ಮೀ.ನಿಂದ ಏರುರಸ್ತೆ. ಕಾರು ಮೂರನೇ ಗೇರಿನಲ್ಲಿ ಏದುಸಿರು ಬಿಟ್ಟಿತು, ಎರಡಕ್ಕೆ ಇಳಿಸಿದೆನು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಎಂದೂ ಏರದಷ್ಟು ಮೇಲೇರಿತು. 742 ಕೆಜಿ ಹೇಗೆ ಎಳೆಯುತ್ತದೆಂದು ನನ್ನ ಬೆನ್ನಿಗೇ ಗೊತ್ತು. ಇದು 742 ಆಗಿರಲಿಲ್ಲ. ಪತ್ನಿ ನನಗೆ ತಿಳಿಯದಂತೆ ಏನನ್ನೋ ತುಂಬಿದ್ದಾಳೆ, ಹಟಕ್ಕೆ ತುಂಬಿದ್ದಾಳೆ ಎಂದು ನಾನು ತೀರ್ಮಾನಿಸಿದೆನು. ಓರೆಗಣ್ಣಿನಿಂದ ನೋಡಿದೆನು. ಆಕೆ ತನ್ನ ಕಡೆಯ ಕನ್ನಡಿಯನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ತಪ್ಪು ಮಾಡಿದವರ ಮುಖ ಅದು ಎಂದು ನನಗೆ ಖಾತ್ರಿಯಾಯಿತು. 19ನೇ ಕಿ.ಮೀ.ನಲ್ಲಿ ಆಕೆ ಕೆಮ್ಮಿದಳು. ನಾನು ರೇಡಿಯೋ ಹಾಕಿದೆನು.

38.6ನೇ ಕಿ.ಮೀ.ನಲ್ಲಿ ರಸ್ತೆಯ ಬಲಕ್ಕೆ ಜಲ್ಲಿ ಕಲ್ಲಿನ ಕ್ವಾರಿಯ ವೇಬ್ರಿಡ್ಜ್ ಕಾಣಿಸಿತು. ನಿವೃತ್ತಿಯ ನಂತರ ನನ್ನ ಎದೆ ಅಷ್ಟು ಹಿಗ್ಗಿದ್ದು ಇದೇ ಮೊದಲು. 8.02ಕ್ಕೆ ಒಳಗೆ ತಿರುಗಿಸಿ, ಆಪರೇಟರಿಗೆ ನನ್ನ ಪರಿಚಯ ಹೇಳಿ, ಒಂದು ಸಲ ತೂಗಿಕೊಡಬೇಕೆಂದು ಕೇಳಿದೆನು. ಕಾರನ್ನು ಮುಂದಕ್ಕೆ ಇಳಿಸಿ ಟ್ರೈಲರಿನ ಚಕ್ರಗಳನ್ನಷ್ಟೇ ತೂಗುವ ತಟ್ಟೆಯ ಮೇಲೆ ನಿಲ್ಲಿಸಿದೆನು. ಕಿಟಕಿಯ ಮೇಲಿನ ಕೆಂಪು ಅಂಕಿ 950 ತೋರಿಸಿತು.

8.06ಕ್ಕೆ ನಾನು ಪತ್ನಿಯ ಕಡೆ ತಿರುಗಿ, “ನೋಡು. ಇನ್ನೂರು ಕೆಜಿ ಜಾಸ್ತಿ. ಏನ್ ತುಂಬಿದ್ದೀಯಾ ಹೇಳು” ಎಂದೆನು. ಹೀಗೆ 2 ದಿನ 13 ಗಂಟೆ 56 ನಿಮಿಷಗಳ ನಂತರ ಮೊದಲು ಮಾತಾಡಿದವನು ನಾನೇ ಎಂದು ಒಪ್ಪಿಕೊಳ್ಳುತ್ತೇನೆ.

ಪತ್ನಿ ಉತ್ತರಿಸುವ ಮೊದಲೇ ಅಂಕಿ 960 ಆಯಿತು. ನಂತರ 940. ನಂತರ 960. ಸಿಮೆಂಟು ಹೀಗೆ ಮಾಡುವುದಿಲ್ಲ, ಕಬ್ಬಿಣ ಹೀಗೆ ಮಾಡುವುದಿಲ್ಲ. ಅಂಕಿ ಒಂದೆಡೆ ನಿಲ್ಲದೆ ಹೀಗೆ ಹೊಯ್ದಾಡುವುದು ಜೀವವಿರುವ ಭಾರ ಅತ್ತಿತ್ತ ಓಡಾಡುವಾಗ ಮಾತ್ರ. ಆಪರೇಟರ್ ಕಿಟಕಿಯಿಂದ ತಲೆ ಹೊರಹಾಕಿ, “ಮೇಷ್ಟ್ರೇ, ಒಳಗೆ ಎಮ್ಮೆ ಗಿಮ್ಮೆ ಇದ್ಯಾ?” ಎಂದು ಕೇಳಿದರು.

ಅಷ್ಟರಲ್ಲಿ ಟ್ರೈಲರಿನ ಪಕ್ಕದ ಕಿಟಕಿ ತೆರೆಯಿತು. ದುಂಡು ಮುಖದ, ಕನ್ನಡಕ ಹಾಕಿದ ವ್ಯಕ್ತಿಯೊಬ್ಬರು ಯಾರ ಕಡೆಯೂ ನೋಡದೆ, ದೂರದ ಗುಡ್ಡದ ಕಡೆ ಮುಖ ಮಾಡಿ, “ಆಯ್ತು ಕಣೇ, ನೀನೇ ಗೆದ್ದೆ ಅಂದ್ಕೋ. ಆದ್ರೆ ಇಲ್ಲೀವರೆಗೆ ಹದಿನಾಲ್ಕು ತಪ್ಪು ಮಾಡಿದ್ದೀಯ. ಟೈಮ್ ಸಮೇತ ಬರೆದಿಟ್ಟಿದ್ದೀನಿ. ಊರಿಗೆಲ್ಲ ಕಲಿಸ್ತೀಯಂತೆ!” ಎಂದರು. ಉತ್ತರ ಬಾರದ್ದರಿಂದ ತಿರುಗಿ ನೋಡಿದರು.

ನೀವ್ಯಾರು ಎಂದು ಅವರು ಕೇಳಿದರು. ನಮ್ಮ ಟ್ರೈಲರಿನಲ್ಲಿ ಕೂತು ನಮ್ಮನ್ನೇ ಯಾರೆಂದು ಕೇಳುತ್ತೀರಾ ಎಂದು ನಾನು ಕೇಳಿದೆನು. ಇದು ನಮ್ಮದು ಎಂದು ಅವರೆಂದರು. ನಮ್ಮದು ಎಂದು ನಾನೆಂದೆನು. ಹೀಗೆ ಸುಮಾರು ಒಂದು ನಿಮಿಷ ನಡೆಯಿತು. ಆಗ ನನ್ನ ಪತ್ನಿ ಕಾರಿನಿಂದ ಇಳಿದು ಬಂದು, “ರೀ, ಅದು ನಮ್ದಲ್ಲ. ಪರದೆ ನೋಡಿ” ಎಂದಳು. ನಾನು ನೋಡಿದೆನು. ನಮ್ಮ ಪರದೆ ಆಕೆಯೇ ಹೊಲಿದದ್ದು, ಹಸಿರು, ಅಂಚಿಗೆ ಎರಡು ಸಾಲು ಹೊಲಿಗೆ. ಇದು ಕಂದು ಬಣ್ಣದ್ದು, ಅಂಚಿನಲ್ಲಿ ದಾರ ಬಿಟ್ಟುಕೊಂಡಿತ್ತು.

ಇದು ನಿನಗೆ ಯಾವಾಗ ತಿಳಿಯಿತು ಎಂದು ಕೇಳಿದೆನು. ಒಂದೂವರೆ ಕಿಲೋಮೀಟರ್ ಹೊತ್ತಿಗೇ ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದೆನು. “ಹತ್ತೊಂಬತ್ತನೇದ್ರಲ್ಲಿ ಕೆಮ್ಮಿದ್ನಲ್ಲ. ನೀವು ರೇಡಿಯೋ ಹಾಕಿದ್ರಿ” ಎಂದಳು. ಆಪರೇಟರ್ ತಮ್ಮ ಕುರ್ಚಿಯಲ್ಲಿ ಕೂರಲಾರದೆ ಹೊರಗೆ ಬಂದು ಗೋಡೆ ಹಿಡಿದುಕೊಂಡು ನಗುತ್ತಿದ್ದರು. ತೂಕದ ಸ್ಲಿಪ್ ಲಗತ್ತಿಸಿದೆ.

ಔಷಧಿಯವರ ಮೊಬೈಲ್ ಚಾರ್ಜಿಗೆಂದು ಅವರ ಕಾರಿನಲ್ಲೇ ಉಳಿದಿತ್ತು. ನನ್ನದನ್ನು ಕೊಟ್ಟೆನು. ಅವರಿಗೆ ಹೆಂಡತಿಯ ನಂಬರ್ ನೆನಪಿರಲಿಲ್ಲ. ಆರುನೂರು ಔಷಧಿಗಳ ಹೆಸರು ಬಾಯಿಪಾಠ ಇವೆ, ಇದೊಂದು ಬರೆದುಕೊಟ್ಟವರಿಲ್ಲ ಎಂದು ಹೇಳಿದರು. ಆದ್ದರಿಂದ 8.20ಕ್ಕೆ ಟ್ರೈಲರ್ ಸಮೇತ ವಾಪಸ್ ಹೊರಟೆವು. ಅವರು ಮತ್ತೆ ಟ್ರೈಲರಿನಲ್ಲಿ ಕೂರಲು ಒಪ್ಪದೆ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರು. ದಾರಿಯಲ್ಲಿ ನನ್ನ ಪತ್ನಿ ಅವರಿಗೆ ಬೆಳಗ್ಗೆ ನಮ್ಮ ಟ್ರೈಲರಿನಿಂದ ಕಾರಿಗೆ ತಂದಿಟ್ಟಿದ್ದ ಬಾಳೆಹಣ್ಣು ಕೊಟ್ಟಳು. ಅಷ್ಟು ಹೊತ್ತು ಮುಚ್ಚಿದ ಬಾಗಿಲೊಳಗೆ ಯಾಕೆ ಸುಮ್ಮನೆ ಕೂತಿದ್ದಿರಿ, ಒಂದು ಸಲ ಬಡಿಯಬಾರದಿತ್ತೇ ಎಂದು ಕೇಳಿದಳು. ಬಡಿದರೆ ಮೊದಲು ಸೋತವನು ನಾನಾಗುತ್ತಿದ್ದೆ ಎಂದು ಅವರು ಹೇಳಿದರು. ಪತ್ನಿ ಹೂಂ ಎಂದಳು. ನಾನು ರಸ್ತೆ ನೋಡಿಕೊಂಡು ಓಡಿಸಿದೆನು.

9.10ಕ್ಕೆ, ತಂಗುದಾಣ ಇನ್ನೂ 5 ಕಿ.ಮೀ. ಇರುವಾಗ ಪೊಲೀಸ್ ಜೀಪು ಅಡ್ಡ ನಿಂತಿತು. ಟ್ರೈಲರ್ ಕಳವು ಮತ್ತು ಅದರೊಳಗಿದ್ದ ವ್ಯಕ್ತಿಯ ಅಪಹರಣದ ದೂರು ಬಂದಿದೆ ಎಂದು ಮೇಡಂ ತಿಳಿಸಿದರು. 35 ವರ್ಷದಲ್ಲಿ ನಾನು ಯಾರ ಲಾರಿಯನ್ನೂ ಹತ್ತು ಕೆಜಿ ಹೆಚ್ಚು ಕಡಿಮೆ ಬರೆದವನಲ್ಲ. ಮೇಡಂ ಔಷಧಿಯವರನ್ನು ಪಕ್ಕಕ್ಕೆ ಕರೆದು ನಿಮ್ಮನ್ನು ಬಲವಂತವಾಗಿ ಕರೆದೊಯ್ದರೇ ಎಂದು ಕೇಳಿದರು. “ಬಲವಂತ ಏನೂ ಇಲ್ಲ ಮೇಡಂ. ಡ್ರೈವಿಂಗ್ ಮಾತ್ರ ಸರಿ ಇರ್ಲಿಲ್ಲ” ಎಂದು ಅವರು ಉತ್ತರಿಸಿದರು. ಅವರ ಬಾಯಲ್ಲಿ ಇನ್ನೂ ಬಾಳೆಹಣ್ಣು ಇತ್ತು.

ಎಲ್ಲರೂ 10.05ಕ್ಕೆ ಠಾಣೆಗೆ ಬಂದೆವು. ಶಿಕ್ಷಕಿ ಆಗಲೇ ಅಲ್ಲಿದ್ದರು. ಅವರ ದೂರಿನ ಪ್ರಕಾರ, ಅವರು 7.25ಕ್ಕೆ ಕೆರೆ ಸುತ್ತಿ ಬರುವಾಗ ಮನಸ್ಸು ತಿಳಿಯಾಗಿ, 10ನೇ ಜಾಗದಲ್ಲಿದ್ದ ಬಿಳಿ ಟ್ರೈಲರಿನ ಬಾಗಿಲ ಮುಂದೆ ನಿಂತು ಗಂಡನ ಬಳಿ ಕ್ಷಮೆ ಕೇಳಿದರು. ಉತ್ತರ ಬರಲಿಲ್ಲ. ಇನ್ನಷ್ಟು ಕೇಳಿದರು. ಒಟ್ಟು 15 ನಿಮಿಷ ಕೇಳಿದರು. ಕೊನೆಗೆ ರೇಗಿ ಬಾಗಿಲು ಎಳೆದಾಗ ಅದು ತೆರೆದುಕೊಂಡಿತು, ಏಕೆಂದರೆ ನಾವಿಬ್ಬರೂ ಬೀಗ ಹಾಕಿರಲಿಲ್ಲ. ಒಳಗೆ ಗಂಡ ಇರಲಿಲ್ಲ. ಹಸಿರು ಪರದೆ ಇತ್ತು, ಮತ್ತು ಚಮಚದಿಂದ ಚಾಪೆಯವರೆಗೆ ಎಲ್ಲದರ ಮೇಲೂ ತೂಕದ ಚೀಟಿ ಇತ್ತು. ಯಾರೋ ತಲೆ ಕೆಟ್ಟವರ ಕೈಗೆ ಗಂಡ ಸಿಕ್ಕಿದ್ದಾರೆಂದು ಹೆದರಿ ಠಾಣೆಗೆ ಫೋನ್ ಮಾಡಿದರು.

ಔಷಧಿಯವರು ಠಾಣೆಯ ಬೆಂಚಿನ ಮೇಲೆ ಹೆಂಡತಿಯ ಪಕ್ಕದಲ್ಲಿ ಕುಳಿತು, ಕ್ಷಮೆ ಕೇಳುವಾಗ ಏನೇನು ಹೇಳಿದೆ ಎಂದು ಕೇಳಿದರು. ಶಿಕ್ಷಕಿ, “ಒಂದ್ಸಲ ಹೇಳಿದ್ದೀನಿ. ಆಗ ಇಲ್ದೇ ಇದ್ದದ್ದು ನಿಮ್ಮ ತಪ್ಪು” ಎಂದರು. ಆದರೆ ತಂಗುದಾಣದ ಉಸ್ತುವಾರಿಯವರು ನಲ್ಲಿಯ ಬಳಿ ನಿಂತು ಆ 15 ನಿಮಿಷವನ್ನೂ ಪೂರ್ತಿ ಕೇಳಿಸಿಕೊಂಡಿದ್ದು, ತಮ್ಮ ಹೇಳಿಕೆಯಲ್ಲಿ ಅಕ್ಷರ ಬಿಡದೆ ಬರೆಸಿದ್ದಾರೆ. ಸದರಿ ಹೇಳಿಕೆಯ ನಕಲು ಬೇಕೆಂದು ಔಷಧಿಯವರು ಮೇಡಂಗೆ ಅರ್ಜಿ ಕೊಟ್ಟಿದ್ದಾರೆ.

ನಂತರ ಅವರು ಔಷಧಿ ಚೀಟಿಯ ಹಿಂಬದಿಯಲ್ಲಿ ಬರೆದಿದ್ದ ತಪ್ಪುಗಳ ಪಟ್ಟಿಯನ್ನು ಹಾಜರುಪಡಿಸಿದರು. 7.11, ಗುಂಡಿಗೆ ತಡವಾಗಿ ಬ್ರೇಕ್. 7.19, ತಿರುವು ಬಹಳ ಒಳಗೆ. 7.33, ಏರಿನಲ್ಲಿ ಗೇರ್ ಇಳಿಸಿದ್ದು ತಡ. ಹೀಗೆ 14. ಶಿಕ್ಷಕಿ ಕನ್ನಡಕ ಏರಿಸಿ ಓದಿದರು, ನನ್ನನ್ನು ಕೆಲವು ಪ್ರಶ್ನೆ ಕೇಳಿದರು, ಮತ್ತೆ ಓದಿದರು. ಆಮೇಲೆ ಗಂಡನಿಗೆ, “ಕಿಟಕಿ ಮುಚ್ಕೊಂಡು, ಬರೀ ಅಲ್ಲಾಡೋದ್ರಲ್ಲೇ ಇಷ್ಟೆಲ್ಲ ಕಂಡುಹಿಡಿದ್ರಾ? ಹದಿನಾಲ್ಕರಲ್ಲಿ ಒಂದೂ ಸುಳ್ಳಿಲ್ಲ ರೀ. ನನ್ನ ಶಾಲೇಲಿ ಇಷ್ಟು ಸೂಕ್ಷ್ಮ ಯಾರಿಗೂ ಇಲ್ಲ” ಎಂದರು. ಔಷಧಿಯವರ ಮುಖ ಕಿವಿಯವರೆಗೆ ಕೆಂಪಾಯಿತು. 11.40ಕ್ಕೆ ಅವರಿಬ್ಬರೂ ದೂರು ಹಿಂದಕ್ಕೆ ಪಡೆಯುವುದಾಗಿ ಬರೆದುಕೊಟ್ಟರು. 14 ತಪ್ಪುಗಳಲ್ಲಿ 9ನ್ನು ನಾನು ಒಪ್ಪುತ್ತೇನೆ.

ಇಷ್ಟಕ್ಕೇ ನಮ್ಮನ್ನು ಬಿಡುತ್ತಾರೆಂದುಕೊಂಡಿದ್ದೆನು. ಆದರೆ ತಂಗುದಾಣದಲ್ಲಿದ್ದ ನಮ್ಮ ಟ್ರೈಲರನ್ನು ಬೆಳಗ್ಗೆಯೇ ಪೊಲೀಸರು ಶೋಧಿಸಿ ಮಹಜರು ಮಾಡಿದ್ದು, ಎರಡು ವಸ್ತುಗಳ ಬಗ್ಗೆ ವಿವರಣೆ ಬೇಕೆಂದು ಮೇಡಂ ಹೇಳಿದರು.

ಮೊದಲನೆಯದು, ಮಡಿಸಿಟ್ಟ ದಪ್ಪ ಬಟ್ಟೆ, ಆರು ಮೀಟರ್. ಅದರ ಮೇಲೆ ನನ್ನ ಕೈಬರಹದಲ್ಲಿ “ಬಟ್ಟೆ, ಉದ್ದೇಶ ತಿಳಿಯದು, 2.1 ಕೆಜಿ” ಎಂಬ ಚೀಟಿ ಇದೆ. ಉದ್ದೇಶವೇನು ಎಂದು ಮೇಡಂ ಕೇಳಿದರು. ತಿಳಿಯದು ಎಂದು ನಾನು ಹೇಳಿದೆನು. ಪತ್ನಿಯನ್ನು ಕೇಳಿದರು. ಆಕೆ, “ನೆರಳಿಗೆ ಮೇಡಂ. ಟ್ರೈಲರ್ ಬಾಗಿಲ ಮುಂದೆ ಚಪ್ಪರದ ಹಾಗೆ ಕಟ್ಟೋಕೆ. ಮೂವತ್ತೈದು ವರ್ಷ ತಗಡಿನ ಕೆಳಗೆ ಕೂತು ಬೆಂದಿದ್ದಾರೆ, ಇನ್ನಾದ್ರೂ ತಣ್ಣಗೆ ಕೂತ್ಕೊಳ್ಲಿ ಅಂತ. ಅಲ್ಲಲ್ಲೇ ಅಳತೆ ನೋಡಿ ಹೊಲಿಯೋಣ ಅಂತ ಮೆಷಿನ್ ಇಟ್ಕೊಂಡಿದ್ದೆ” ಎಂದಳು. ಈ ಬಟ್ಟೆಯನ್ನು ನಾನು ಎರಡು ಸಲ ತೂಗಿದ್ದೆನು. ಏತಕ್ಕೆಂದು ಒಂದು ಸಲವೂ ಕೇಳಿರಲಿಲ್ಲ.

ಎರಡನೆಯದನ್ನು ಪೇದೆಯೊಬ್ಬರು ಎರಡು ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟರು. ಹಳೆಯ ಟವೆಲಿನಲ್ಲಿ ಸುತ್ತಿದ, ಹಿಡಿಕೆಯಿರುವ ಕಬ್ಬಿಣದ ತೂಕದ ಕಲ್ಲು, 20 ಕೆಜಿ. ಸಿಕ್ಕಿದ್ದು ನನ್ನ ದಿಂಬಿನ ಕಡೆಯ ಹಲಗೆಯ ಕೆಳಗೆ. ಚೀಟಿ ಇರಲಿಲ್ಲ, ಪಟ್ಟಿಯಲ್ಲೂ ಇರಲಿಲ್ಲ. ಇದು ಆಯುಧವೇ ಎಂದು ಕೇಳಿದ್ದಕ್ಕೆ ನಾನು ಹೇಳಿದ್ದೇನೆಂದರೆ: ಇದು ನನ್ನ ಬೀಳ್ಕೊಡುಗೆಯ ದಿನ ಗೋದಾಮಿನವರು ಕೊಟ್ಟದ್ದು. ಪ್ರತಿದಿನ ಬೆಳಗ್ಗೆ ಮೊದಲ ಲಾರಿ ಬರುವ ಮುನ್ನ ಇದನ್ನು ತಟ್ಟೆಯ ಮೇಲಿಟ್ಟು ಯಂತ್ರ ಸರಿಯಿದೆಯೇ ಎಂದು ನೋಡುತ್ತಿದ್ದೆನು. ನಿವೃತ್ತಿಯ ನಂತರವೂ ಬೆಳಗ್ಗೆ ಎದ್ದು ಒಂದು ಸಲ ಎತ್ತಿ ಇಳಿಸುತ್ತೇನೆ. ಬೇರೆ ಕಾರಣವಿಲ್ಲ.

ಪತ್ನಿ ಕಲ್ಲನ್ನು ನೋಡಿದಳು. ನನ್ನನ್ನು ನೋಡಿದಳು. “ಇದಕ್ಕೆ ಜಾಗ ಇತ್ತು” ಎಂದಳು. ಅಷ್ಟೇ ಎಂದಳು. ಈ ಹೇಳಿಕೆ ಟೈಪು ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಆಮೇಲೆ ನಾನು ಎಲ್ಲರೆದುರು, ತಪ್ಪಾಯಿತು, ಕೇಳಬೇಕಿತ್ತು, ಕೇಳಲಿಲ್ಲ ಎಂದು ಹೇಳಿದೆನು. ಇದನ್ನು ಹೇಳಿಕೆಯಲ್ಲಿ ಸೇರಿಸಬೇಕೇ ಎಂದು ಟೈಪು ಮಾಡುವವರು ಕೇಳಿದರು. ಸೇರಿಸಿ ಎಂದು ಪತ್ನಿ ಹೇಳಿದಳು.

ಮುಂದೆ ಯಾವ ಕಡೆ ಹೋಗುತ್ತೀರಿ ಎಂದು ಮೇಡಂ ವಿಚಾರಿಸಿದರು. ನಾಳೆ ಬೆಳಗ್ಗೆ 6ಕ್ಕೆ ಹೊರಟು, ಬಂದ ದಾರಿಯಲ್ಲೇ 212 ಕಿ.ಮೀ. ಹಿಂದಕ್ಕೆ ಹೋಗಿ, ಮೇಸ್ತ್ರಿಯ ಶೆಡ್ಡಿನಲ್ಲಿ ಕಲ್ಲನ್ನು ಇಳಿಸಿ, ಹೊಲಿಗೆ ಯಂತ್ರ ಹತ್ತಿಸಿಕೊಂಡು ಮತ್ತೆ ಹೊರಡುತ್ತೇವೆ ಎಂದು ನಾನು ಹೇಳಿದೆನು. ಪತ್ನಿ ಬೇಡವೆನ್ನಲಿಲ್ಲ. ಆದರೆ ಯಂತ್ರ ಬಂದರೆ ಒಟ್ಟು ಮತ್ತೆ 755.4 ಆಗಿ ಮಿತಿ 5.4 ಕೆಜಿ ಮೀರುವುದರಿಂದ, ನನ್ನ ಸಲಕರಣೆ ಪೆಟ್ಟಿಗೆಯಿಂದ ದೊಡ್ಡ ಸುತ್ತಿಗೆ ಮತ್ತು ಎರಡು ಸ್ಪ್ಯಾನರ್ ತೆಗೆದಿಡುವುದಾಗಿ ಸೇರಿಸಿದೆನು.

ಆಗ ಪತ್ನಿ ಮೇಡಂ ಕಡೆ ತಿರುಗಿ, “ಮೂರು ದಿನದಿಂದ ಇಬ್ರೂ ತಿಂತಾ ಇದ್ದೀವಲ್ಲ ಮೇಡಂ, ಆ ತೂಕ ಎಲ್ಲಿ ಹೋಯ್ತು ಅಂತ ಇವರನ್ನ ಕೇಳಿ” ಎಂದಳು.

ನಾನು ಕಾಗದ ಕೇಳಿ ಪಡೆದು ಲೆಕ್ಕ ಹಾಕಿದೆನು. ಅಕ್ಕಿ, ಹಿಟ್ಟು, ಎಣ್ಣೆ, ತರಕಾರಿ, ಸಕ್ಕರೆ, ಒಲೆಯ ಗ್ಯಾಸ್ ಮತ್ತು ಔಷಧಿಯವರು ತಿಂದ ಬಾಳೆಹಣ್ಣು ಸೇರಿ 6.2 ಕೆಜಿ ಖರ್ಚಾಗಿದೆ. ಯಂತ್ರ ಸೇರಿಸಿದರೂ 749.2 ಆಗುತ್ತದೆ. ಈ ಸಂಗತಿ ನನಗೆ ಈವರೆಗೆ ಹೊಳೆದಿರಲಿಲ್ಲ. ನಾನು ತೂಗಿದ ಲಾರಿಗಳು ತುಂಬಿ ಬರುತ್ತಿದ್ದವು, ಖಾಲಿಯಾಗಿ ಹೋಗುತ್ತಿದ್ದವು. ದಾರಿಯಲ್ಲಿ ಏನನ್ನೂ ತಿನ್ನುತ್ತಿರಲಿಲ್ಲ. ಮಿತಿಗೆ ಇನ್ನೂ 800 ಗ್ರಾಂ ಉಳಿಯುತ್ತದೆ ಎಂದು ನಾನು ತಿಳಿಸಿದಾಗ, ಅಷ್ಟಕ್ಕೂ ನೂಲು ತಗೋತೀನಿ ಎಂದು ಪತ್ನಿ ಹೇಳಿದಳು. ನಾನು ಆಕ್ಷೇಪಿಸಲಿಲ್ಲ.

ನಾನು ಕಂಡದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು ಇಷ್ಟೇ. ಇದನ್ನು ನನಗೂ ಪತ್ನಿಗೂ ಗಟ್ಟಿಯಾಗಿ ಓದಿ ಹೇಳಿದ್ದಾರೆ. ಸರಿ ಇದೆ ಎಂದು ಇಬ್ಬರೂ ಒಪ್ಪಿ ಕೆಳಗೆ ರುಜು ಹಾಕಿದ್ದೇವೆ.

ಸ್ಥಳ: ಠಾಣೆಯ ಮುಂಭಾಗದ ಕೊಠಡಿ
ದಿನಾಂಕ: 14, ಸಂಜೆ 4.50

(ಹೇಳಿಕೆದಾರರ ರುಜು)
(ಹೇಳಿಕೆದಾರರ ಪತ್ನಿಯ ರುಜು)